ಯಾವೂರಾಯ್ತು?

ನನ್ನದು ಸುಮ್ಮನಿರುವ ಬಾಯಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಯಾರೇ ಬಂದು ಕುಳಿತರೂ, ಕಂಡಕ್ಟರು ಟಿಕೆಟ್ ಹರಿದು ಕೊಡುವಷ್ಟರಲ್ಲಿ "ಯಾವೂರಾಯ್ತು?" ಎಂದು ಕೇಳಿಬಿಡುತ್ತಿದ್ದೆ. ಇದನ್ನು ಕೆಟ್ಟ ಕುತೂಹಲ ಎನ್ನುವವರು ನಮ್ಮ ಕಡೆಯ ಬಸ್ಸು ಹತ್ತಿದವರಲ್ಲ. ಆಗೆಲ್ಲ ಪಕ್ಕದಲ್ಲಿ ಕುಳಿತವರ ಊರು ಕೇಳದೆ ಇರುವುದೇ ಅವಮರ್ಯಾದೆ. ಊರು ಹೇಳಿದರೆ ಅಲ್ಲಿ ನಮಗೆ ಗೊತ್ತಿರುವ ಒಂದು ಮನೆ ನೆನಪಾಗುತ್ತದೆ, ಆ ಮನೆಯ ಸೊಸೆ ಇವರ ಚಿಕ್ಕಮ್ಮನ ಮಗಳೇ ಆಗಿರುತ್ತಾಳೆ, ಅಲ್ಲಿಂದ ಮುಂದೆ ಮಾತಿಗೆ ರಸ್ತೆ ಸಾಲುವುದಿಲ್ಲ.

ನಾನು ಹೇಳುತ್ತಿರುವುದು ಅರವತ್ತರ ದಶಕದ ನಡುವಿನ ಮಾತು. ನಾನು ಹೊಸನಗರದ ಶಾಲೆಯೊಂದರಲ್ಲಿ ಟೀಚರು. ಗಂಡ ಕಾರ್ಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತರು. ಮನೆ ಸಾಗರದಲ್ಲಿ. ವಾರವೆಲ್ಲ ಹೊಸನಗರದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಾಗರಕ್ಕೆ ಹೋಗುವುದು, ಸೋಮವಾರ ಬೆಳಗಿನ ಬಸ್ಸಿಗೆ ವಾಪಸು. "ನಿನ್ನನ್ನ ಬಸ್ಸು ಹತ್ತಿಸಿದರೆ ಇಳಿಯುವಷ್ಟರಲ್ಲಿ ಒಂದು ಮದುವೆ, ಒಂದು ಬೊಜ್ಜದ ವಿವರ ತರ್ತೀಯಲ್ಲ ಮಾರಾಯ್ತಿ" ಎಂದು ಗಂಡ ಗೇಲಿ ಮಾಡುತ್ತಿದ್ದರು. ಮದುವೆಗಿಂತ ಬೊಜ್ಜದ, ಅಂದರೆ ಸಾವಿನ ಮನೆಯ, ವಿವರವೇ ಹೆಚ್ಚು ಸಿಗುತ್ತಿತ್ತು ಎನ್ನುವುದು ಅವರಿಗೆ ತಿಳಿದಿರಲಿಲ್ಲ. ನಗುವ ಸಂಗತಿಗಳನ್ನು ಜನ ಮನೆಯವರಿಗೆ ಹೇಳುತ್ತಾರೆ. ಉಳಿದದ್ದನ್ನು ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುವವರಿಗೆ ಹೇಳುತ್ತಾರೆ.

ಜೋಗದ ವಿದ್ಯುತ್ ಮನೆಯಲ್ಲಿ ಕೆಲಸಕ್ಕಿದ್ದವನೊಬ್ಬ ಜಲಪಾತದ ಕಡೆ ತಿರುಗಿಯೂ ನೋಡುವುದಿಲ್ಲ ಎಂದಿದ್ದ. ಅವನ ತಮ್ಮ ಅಲ್ಲಿ ಕಾಲು ಜಾರಿ ಹೋಗಿದ್ದನಂತೆ. ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಅದರ ಸದ್ದು ಮಾತ್ರ ಕೇಳಬೇಕು, ಬೇರೆ ಕೆಲಸ ಸಿಗುವುದಿಲ್ಲ. ಹುಂಚದ ಕಡೆಯ ಜೈನ ಅಜ್ಜಿಯೊಬ್ಬರು ತೀರಿಹೋದ ಗಂಡನ ಕನ್ನಡಕಕ್ಕೆ ಹೊಸ ಗಾಜು ಹಾಕಿಸಲು ಸಾಗರಕ್ಕೆ ಹೊರಟಿದ್ದರು. ಯಾಕಜ್ಜಿ ಎಂದರೆ, "ಒಡೆದದ್ದು ಮನೇಲಿ ಇರಬಾರದು ಮಗಾ" ಎಂದರು. ಇಂಥವನ್ನೆಲ್ಲ ಕೇಳಿಕೊಂಡು ಮನೆಗೆ ಬಂದರೆ ಅನ್ನ ಸೇರುತ್ತಿರಲಿಲ್ಲ. ಆದರೂ ಮುಂದಿನ ವಾರ ಮತ್ತೆ ಅದೇ ಪ್ರಶ್ನೆ.

ಆ ಪ್ರಶ್ನೆಗೆ ಏಟು ಬಿದ್ದದ್ದು ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲತೊಡಗಿದ ಮೇಲೆ. ಊರು ಕೇಳಿದರೆ ಕೆಲವರು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಕೆಲವರು ಮುಳುಗಿಹೋದ ಊರಿನ ಹೆಸರನ್ನೇ ಹೇಳಿ, ಆಮೇಲೆ ತಾವೇ ತಡವರಿಸಿ, "ಈಗ ಇಂಥಾ ಕಡೆ ಇದೀವಿ" ಎನ್ನುತ್ತಿದ್ದರು. ಗಂಡ ಗುಮಾಸ್ತರಾಗಿದ್ದದ್ದು ಅಣೆಕಟ್ಟಿನ ಕಚೇರಿಯಲ್ಲೇ, ನಮ್ಮ ಮನೆಗೆ ಬರುತ್ತಿದ್ದ ಸಂಬಳ ಆ ನೀರಿನದೇ ಎನ್ನುವುದು ನನಗೆ ಗೊತ್ತಿತ್ತು. ಗಂಡನ ಕಚೇರಿ ಯಾವುದು ಎಂದು ಯಾರಾದರೂ ತಿರುಗಿ ಕೇಳಿದರೆ ಮಾತು ಬದಲಿಸುತ್ತಿದ್ದೆ.

ಆಕೆ ನನಗೆ ಸಿಕ್ಕಿದ್ದು ಅಂಥದೊಂದು ವರ್ಷದ ಭೂಮಿ ಹುಣ್ಣಿಮೆಯ ಬೆಳಗ್ಗೆ. ಶಾಲೆಗೆ ರಜೆ. ಮೊದಲ ಬಸ್ಸಿಗೇ ಹೊಸನಗರ ಬಿಟ್ಟಿದ್ದೆ. ದಾರಿಯಲ್ಲಿ ಒಂದು ಕೈಮರದ ಹತ್ತಿರ ನಡುವಯಸ್ಸಿನ ಹೆಂಗಸೊಬ್ಬಳು ಹತ್ತಿದಳು. ಮೊಣಕಾಲಿಂದ ಒಂದಿಷ್ಟೇ ಕೆಳಗೆ ಬರುವ ಸೀರೆ, ಕೊರಳಲ್ಲಿ ಕರಿಮಣಿ ಇಲ್ಲ, ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಕಂಡಕ್ಟರು ಬುಟ್ಟಿಯನ್ನು ಮೇಲೆ ಹಾಕು ಎಂದ. ಆಕೆ ಹಾಕಲಿಲ್ಲ. ಸೀಟಿನ ಕೆಳಗಾದರೂ ಇಡು ಎಂದ. ಅದಕ್ಕೂ ಒಪ್ಪಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತಳು.

"ಯಾವೂರಾಯ್ತು?" ಎಂದೆ.

ಆಕೆ ಉತ್ತರ ಕೊಡಲಿಲ್ಲ. ಕಿವಿ ಮಂದವೋ ಎಂದು ಇನ್ನೊಮ್ಮೆ ಕೇಳಿದೆ. ಆಗಲೂ ಇಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು. ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ ಬುಟ್ಟಿಯ ಬಟ್ಟೆ ಸರಿಯಿತು. ಕೆಮ್ಮಣ್ಣು ಬಳಿದ ಬುಟ್ಟಿಯ ಮೈಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಸಣ್ಣ ಗೆರೆಗಳ ಚಿತ್ತಾರ: ಭತ್ತದ ತೆನೆ, ಏಣಿ, ಗುಬ್ಬಿಯ ಕಾಲು. ಒಳಗಿನಿಂದ ಕಡುಬಿನ ವಾಸನೆ. ಸಾಗರದ ಸುತ್ತಿನ ಗದ್ದೆಯವರು ಆ ಹುಣ್ಣಿಮೆಗೆ ಇಂಥ ಬುಟ್ಟಿ ಬರೆಯುತ್ತಾರೆ. ಭತ್ತ ಹೊಡೆ ತುಂಬುವ ಕಾಲ ಅದು. ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಬಡಿಸಬೇಕು. ಹತ್ತಾರು ಸೊಪ್ಪಿನ ಪಲ್ಯ, ಸೌತೆಕಾಯಿ ಕಡುಬು, ಅನ್ನ ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಕತ್ತಲು ಹರಿಯುವ ಮೊದಲೇ ಗದ್ದೆಗೆ ಹೋಗಿ ಬೀರಿ ಬರುತ್ತಾರೆ. ಆದರೆ ಬೆಳಕು ಹರಿದ ಮೇಲೆ, ಬಸ್ಸಿನಲ್ಲಿ, ಆ ಬುಟ್ಟಿಯನ್ನು ನಾನು ಎಂದೂ ಕಂಡಿರಲಿಲ್ಲ.

"ಇದನ್ನ ತಗಂಡು ಎಲ್ಲಿಗೆ ಹೊರಟಿದ್ದು?" ಎಂದೆ.

ಈ ಪ್ರಶ್ನೆಗೆ ಉತ್ತರ ಬಂತು. "ಗದ್ದೆಗೆ."

"ಗದ್ದೆ ಎಲ್ಲಿ?"

"ನೀರಡೀಗೆ." ಆಕೆ ನನ್ನ ಕೈ ಗಡಿಯಾರ ನೋಡಿದಳು. "ಹೊತ್ತು ಮೀರ್ತಾ ಅಮ್ಮ? ಇದಕ್ಕೂ ಮುಂಚೆ ಬಸ್ಸೇ ಇಲ್ಲ."

"ಇಲ್ಲ, ಇನ್ನೂ ಹೊತ್ತಿದೆ" ಎಂದೆ. ಹಾಗೆ ಹೇಳುವುದಕ್ಕೆ ನನಗೇನು ಖರ್ಚು.

ಆಮೇಲೆ ಆಕೆಯೇ ಹೇಳಿದಳು. ಊರು ಖಾಲಿ ಮಾಡಿಸಿ ಲಾರಿಯಲ್ಲಿ ತಂದು ಈ ಕೈಮರದ ಆಚೆ ಕಾಡಿನ ಬದಿಗೆ ಬಿಟ್ಟಿದ್ದರು. ಗಂಡ ಅಲ್ಲಿಗೆ ಬಂದ ಮೊದಲ ಮಳೆಗಾಲದಲ್ಲೇ ಜ್ವರದಿಂದ ಹೋದ. ಇರುವ ಒಬ್ಬ ಮಗ ಮರದ ಬುಡ ಕಿತ್ತು ಗದ್ದೆ ಮಾಡುತ್ತಿದ್ದಾನೆ. ಹಾಗಾದರೆ ಆ ಹೊಸ ಗದ್ದೆಗೇ ಬೀರಬಹುದಿತ್ತಲ್ಲ, ಇಷ್ಟು ದೂರ ಯಾಕೆ ಎಂದು ಕೇಳಿದೆ.

"ಅದು ಇನ್ನೂ ಬಸುರಾಗ್ಲಿಲ್ಲ ಅಮ್ಮ. ಬರೀ ಬೇರು, ಕಲ್ಲು. ಉಣ್ಸದು ಯಾರಿಗೆ? ನಮ್ಮನ್ನ ಸಾಕಿದ್ದು ಆ ಗದ್ದೆ. ಮೇಲೆ ನೀರು ನಿಂತ್ರೂ ಅದಕ್ಕೆ ಹಸಿವಾಗ್ದೆ ಇರ್ತದಾ?"

ಸಾಗರದಲ್ಲಿ ಇಳಿದು, ಸಿಗಂದೂರಿನ ದಿಕ್ಕಿನ ಬಸ್ಸು ಹಿಡಿದು, ಅದು ಹೋದಷ್ಟು ದೂರ ಹೋಗಿ, ಆಮೇಲೆ ನಡೆದು ನೀರಿನ ಅಂಚು ಮುಟ್ಟಿ ಅಲ್ಲಿ ಬೀರುವುದು ಆಕೆಯ ಲೆಕ್ಕಾಚಾರ.

ಸಾಗರ ಹತ್ತಿರ ಬಂದಾಗ ಆಕೆ ನಿಜವಾದ ಸಂಕಟ ಬಾಯಿಬಿಟ್ಟಳು. ಒಬ್ಬಳೇ ಮಗಳು, ಹೊಳೆಯ ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಮದುವೆಯಾದ ಬೇಸಿಗೆಯಲ್ಲೇ ಆ ಊರನ್ನೂ ಎಬ್ಬಿಸಿದರು. ಬೀಗರ ಮನೆಯವರನ್ನು ಮೊದಲು ಎಲ್ಲಿಗೋ ಕಳಿಸಿದ್ದರಂತೆ, ಅಲ್ಲಿಯ ನೆಲ ಹಿಡಿಸದೆ ಅವರು ಬೇರೆಲ್ಲಿಗೋ ಹೋದರಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಸಾಗರದ ಸಂತೆಯಲ್ಲಿ ಬೀಗರ ಕಡೆಯ ಒಬ್ಬ ಕಂಡ. ಲಾರಿಯ ಮೇಲಿದ್ದ. ಲಾರಿ ಹೊರಟಿತ್ತು. ಮೇಲಿಂದಲೇ ಕೂಗಿ ಹೇಳಿದ: "ಅಕ್ಕಾ, ನಿನ್ನ ಮಗ್ಳು ಬಸುರಿ. ಹೇಳು ಅಂದಿದ್ರು, ಹೇಳಿದೀನಿ."

"ಎಲ್ಲಿದಾರೆ ಅಂತ ಕೇಳ್ಲಿಲ್ವಾ?"

"ಹಿಂದೆ ಓಡಿದೆ. ಲಾರಿ ನಿಲ್ಲುತ್ತಾ?"

ಮೊದಲ ಹೆರಿಗೆ ತಾಯಿಮನೆಯಲ್ಲಿ. ಗಂಡನ ಮನೆಯವರು ಬಸುರಿನ ಸುದ್ದಿ ಕಳಿಸಬೇಕು, ತಾಯಿಮನೆಯವರು ಬಯಕೆಯ ತಿಂಡಿ, ಸೀರೆ, ಹಸಿರು ಬಳೆ ತೆಗೆದುಕೊಂಡು ಹೋಗಿ ಕರೆತರಬೇಕು. ಸುದ್ದಿ ಬಂದಾಗಿತ್ತು. ಹೋಗುವುದು ಎಲ್ಲಿಗೆ ಎನ್ನುವುದೊಂದು ಗೊತ್ತಿರಲಿಲ್ಲ. ಆಕೆ ಪ್ರತಿ ಸಂತೆಗೂ ಹೋಗಿ ನಿಲ್ಲುತ್ತಿದ್ದಳು, ಆ ಮನುಷ್ಯ ಮತ್ತೆ ಸಿಕ್ಕಿರಲಿಲ್ಲ.

"ನೀವು ಊರೂರು ತಿರುಗೋರು" ಎಂದಳು ಬಸ್ಸಿನಿಂದ ಇಳಿಯುವಾಗ. "ಸಿಕ್ಕೋರನ್ನೆಲ್ಲ ಮಾತಾಡಿಸ್ತೀರಿ. ನಮ್ಮ ಹುಡುಗೀನೂ ಒಂದ್ಸಲ ಕೇಳಿ ನೋಡಿ ಅಮ್ಮ."

ಮಗಳ ಹೆಸರು, ಅಳಿಯನ ಹೆಸರು, ಅವರ ಮುಳುಗಿದ ಊರಿನ ಹೆಸರು ಹೇಳಿದಳು. ಮಗಳ ಎಡಗೆನ್ನೆಯ ಮೇಲೆ ಕೊಳ್ಳಿ ತಾಗಿದ ಗುರುತು ಇದೆ ಎಂದಳು. ನನ್ನ ವಾಚಾಳಿತನದಿಂದ ಯಾರಿಗಾದರೂ ಉಪಯೋಗವಾದೀತು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಅಂದಿನಿಂದ ನನ್ನ ಪ್ರಶ್ನೆಗೆ ಒಂದು ಬಾಲ ಬಂತು. ಯಾವೂರಾಯ್ತು ಎಂದು ಕೇಳಿ, ನಿಮ್ಮ ಕಡೆ ಮುಳುಗಡೆಯವರು ಯಾರಾದರೂ ಬಂದಿದಾರಾ ಎಂದು ಕೇಳುವುದು. ಎಲ್ಲ ಕಡೆಯೂ ಬಂದಿದ್ದರು. ಸಾಗರದ ಸುತ್ತ, ಹೊಸನಗರದ ಸುತ್ತ, ಶಿವಮೊಗ್ಗದ ಕಡೆ. ಆದರೆ ಕೊಳ್ಳಿ ತಾಗಿದ ಕೆನ್ನೆಯ ಹುಡುಗಿ ಯಾರಿಗೂ ಗೊತ್ತಿರಲಿಲ್ಲ. "ಮುಳುಗಡೆ ಜನ ಅಂದ್ರೆ ಒಬ್ರಾ ಇಬ್ರಾ, ಹುಲ್ಲಿನ ಮೆದೆಲಿ ಸೂಜಿ ಹುಡುಕ್ತಿದೀಯ" ಎಂದು ಗಂಡ ಹೇಳಿದರು. ಅವರಿಗೆ ಈ ಹುಡುಕಾಟ ಅಷ್ಟು ಇಷ್ಟವಿರಲಿಲ್ಲ. ಕಚೇರಿಯಲ್ಲಿ ದಿನವೂ ಅಂಥವರ ಮುಖ ನೋಡಿ ಬರುತ್ತಿದ್ದರು, ಮನೆಯಲ್ಲೂ ಅದೇ ಮಾತು ಬೇಡವಾಗಿತ್ತೇನೋ.

ಚಳಿ ಶುರುವಾಗುವ ಹೊತ್ತಿಗೆ ನಮ್ಮ ಕೆಲವು ಟೀಚರುಗಳಿಗೆ ತೀರ್ಥಹಳ್ಳಿಯಲ್ಲಿ ತರಬೇತಿ ಹಾಕಿದರು. ತೀರ್ಥಹಳ್ಳಿ ನನ್ನ ತವರು. ಅಣ್ಣನ ಮನೆ ಪೇಟೆಯಲ್ಲೇ ಇತ್ತು. ಆದರೆ ನಾನು ಉಳಿದುಕೊಂಡದ್ದು ತರಬೇತಿಗೆ ಬಂದಿದ್ದ ಇನ್ನೊಬ್ಬ ಟೀಚರ ಜೊತೆ, ಹೊಳೆಯ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ. ಅಮ್ಮ ಹೋದ ಮೇಲೆ ಅಣ್ಣ ಒಂದು ಹಬ್ಬಕ್ಕೂ ನನ್ನನ್ನು ಕರೆದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಕರೆಯುವುದು ಮರೆತಿತ್ತು, ಅಷ್ಟೆ. ಕರೆಯದ ಮನೆಗೆ ಹೋಗುವುದು ನನ್ನಿಂದಾಗದು. ಅವನ ಬೀದಿ ಬಂದರೆ ಬಳಸಿಕೊಂಡು ಹೋಗುತ್ತಿದ್ದೆ.

ಬೆಳಗ್ಗೆ ಬಟ್ಟೆ ಒಗೆಯಲು ತುಂಗೆಗೆ ಹೋಗುತ್ತಿದ್ದೆವು. ಬಂಡೆಯ ಮೇಲೆ ಬಟ್ಟೆ ಕುಸುಬುವಾಗ ಬರುವ ಮಾತು ಬೇರೆಲ್ಲೂ ಬರುವುದಿಲ್ಲ. ಒಂದು ದಿನ ಪಕ್ಕದ ಬಂಡೆಯಲ್ಲಿ ಒಗೆಯುತ್ತಿದ್ದ ಹೆಂಗಸಿಗೆ ನನ್ನ ಪ್ರಶ್ನೆ ಹಾಕಿದೆ. ಅವಳು ಪೇಟೆಯಿಂದ ಒಂದಿಷ್ಟು ದೂರದ ದೊಡ್ಡ ತೋಟವೊಂದರಲ್ಲಿ ಕೆಲಸದವಳು, ಯಜಮಾನರ ಪೇಟೆಮನೆಗೆ ಬಂದಿದ್ದಳು.

"ಮುಳುಗಡೆಯವ್ರು ನಮ್ಮ ತೋಟದಲ್ಲೇ ಇದಾರಲ್ಲ ಟೀಚ್ರೇ" ಎಂದಳು. "ಒಂದೇ ಒಂದು ಮನೆ. ಅತ್ತೆ, ಮಗ, ಸೊಸೆ. ಸೊಸೆ ಬಸುರಿ, ಏಳು ನಡೀತಿದೆ. ತಾಯಿಮನೆಯವ್ರು ತಿರುಗಿ ನೋಡ್ಲಿಲ್ಲ ಕಣ್ರೀ. ಆ ಅತ್ತೆ ಬಾಯಿ ಕೇಳ್ಬೇಕು ನೀವು."

"ಹುಡುಗಿ ಕೆನ್ನೆ ಮೇಲೆ ಗುರುತಿದೆಯಾ?"

"ಎಡಗಡೆ. ನಿಮಗೆ ಹ್ಯಾಂಗೆ ಗೊತ್ತು?"

ಒಗೆಯುತ್ತಿದ್ದ ಸೀರೆ ಕೈಯಿಂದ ಜಾರಿ ನೀರಿಗೆ ಹೋಯಿತು. ಅವಳೇ ಹಿಡಿದು ಕೊಟ್ಟಳು.

ಅದೇ ಮಧ್ಯಾಹ್ನ ತರಬೇತಿಗೆ ಚಕ್ಕರ್ ಹಾಕಿ ಅವಳ ಹಿಂದೆ ಹೊರಟೆ. ತೋಟದ ಅಂಚಿನಲ್ಲಿ ಸೋಗೆಯ ಮನೆ. ಹುಡುಗಿ ಹೊರಗೆ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ಕಾಲು ಊದಿತ್ತು, ಮುಖವೂ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ನಿನ್ನಮ್ಮ ಹೊಸನಗರದ ಹತ್ತಿರ ಇದ್ದಾಳೆ, ಸಂತೆ ಸಂತೆ ಅಲೆದು ನಿನ್ನನ್ನು ಹುಡುಕುತ್ತಿದ್ದಾಳೆ ಎಂದೆ. ಅವಳು ನಂಬಲಿಲ್ಲ. ಬುಟ್ಟಿಯ ವಿಷಯ ಹೇಳಿದೆ, ಅದರ ಮೇಲಿನ ಏಣಿ, ಗುಬ್ಬಿಯ ಕಾಲು. ಆಗ ನಂಬಿದಳು. ಅಳಲಿಲ್ಲ. "ಅಮ್ಮ ಈ ವರ್ಷನೂ ಬರೆದಳಾ" ಎಂದು ಮಾತ್ರ ಕೇಳಿದಳು.

ಅತ್ತೆ ಒಳಗಿನಿಂದ ಬಂದಳು. "ನಾವು ಹೇಳಿ ಕಳ್ಸಿ ಎಷ್ಟು ದಿನ ಆಯ್ತು" ಎಂದಳು. "ನಮ್ಮ ಮೈದುನನೇ ಹೋಗಿ ಹೇಳಿ ಬಂದಿದಾನೆ. ಅವಳು ಕಿವಿಯಾರೆ ಕೇಳಿದಾಳೆ ಅಂದ. ಬರ್ಲಿಲ್ಲ."

"ಎಲ್ಲಿದೀರಿ ಅಂತ ಅವರು ಹೇಳಲೇ ಇಲ್ಲವಲ್ಲ."

ಅತ್ತೆ ನನ್ನ ಮುಖ ನೋಡುತ್ತ ನಿಂತಳು. ಅವಳು ನಟಿಸುತ್ತಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ಹೊಳೆಯ ಎರಡೂ ದಂಡೆಯ ಜನ ತಲೆತಲಾಂತರದಿಂದ ಹೀಗೇ ಸುದ್ದಿ ಕಳಿಸಿದವರು. ಹುಟ್ಟಿತು, ಸತ್ತರು, ಬಸುರಿ, ಮದುವೆ. ಎಲ್ಲಿ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಯಾರ ಮನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಮನೆ ಹೋಗಿ, ಊರು ಹೋಗಿ, ಹೊಳೆಯೇ ಹೋದ ಮೇಲೂ ಸುದ್ದಿ ಹೇಳುವ ರೀತಿ ಮಾತ್ರ ಅದೇ ಉಳಿದಿತ್ತು. ಲಾರಿಯ ಮೇಲಿದ್ದವನು ತನ್ನ ಕೆಲಸ ಮುಗಿಯಿತು ಎಂದೇ ತಿಳಿದಿದ್ದ. ಇವರು ಕಾದರು. ಕಾದು ಕಾದು ಮುನಿಸು ಬಂತು.

"ಹೌದಲ್ಲ" ಎಂದಳು ಅತ್ತೆ. ನೆಲದ ಮೇಲೆ ಕುಳಿತುಬಿಟ್ಟಳು. ಆಮೇಲೆ ನನಗೆ ಬೆಲ್ಲ ನೀರು ತಂದುಕೊಟ್ಟಳು.

ನಾನು ಹುಡುಗಿಗೆ ಹೇಳಿದೆ: ಏಳು, ನಾಳೆಯೇ ನನ್ನ ಜೊತೆ ಬಸ್ಸು ಹತ್ತು, ನಿನ್ನಮ್ಮನ ಮನೆ ಬಾಗಿಲಿಗೆ ಬಿಟ್ಟು ಬರುತ್ತೇನೆ. ಹುಡುಗಿ ತಲೆ ಅಲ್ಲಾಡಿಸಿದಳು.

"ಕರೆಯೋಕೆ ಬರದೆ ಹ್ಯಾಂಗೆ ಹೋಗ್ಲಿ?"

"ಅವಳು ನಿನ್ನನ್ನ ಹುಡುಕಿ ಸಾಯ್ತಿದಾಳೆ. ಇನ್ನು ಕರೆ ಬೇರೆ ಬೇಕಾ? ತಾಯಿ ಮನೆ ಅದು."

ಅವಳು ನನ್ನನ್ನು ನೋಡಿದಳು. ಕುಹಕವಿರಲಿಲ್ಲ, ತಿಳಿದುಕೊಳ್ಳುವ ಆಸೆಯೇ ಇತ್ತು. "ನಿಮ್ಮ ತವರು ಎಲ್ಲಿ ಟೀಚ್ರೇ?"

"ಇಲ್ಲೇ, ತೀರ್ಥಹಳ್ಳಿ."

"ನೀವು ಕರೀದೆ ಹೋಗ್ತೀರಾ?"

ನಾನು ಬೆಲ್ಲ ನೀರು ಕುಡಿದು ಲೋಟ ಕೆಳಗಿಟ್ಟೆ. ಎರಡು ಬೀದಿ ದಾಟಿದರೆ ಸಿಗುವ ಅಣ್ಣನ ಮನೆಗೆ ಹೋಗದೆ ಬಾಡಿಗೆ ಕೋಣೆಯಲ್ಲಿ ಮಲಗುವವಳು ಅವಳಿಗೆ ಏನು ಹೇಳಬೇಕು? ಎದ್ದು ಬಂದೆ.

ಶನಿವಾರ ಬಂದ ಕೂಡಲೇ ಹೊಸನಗರಕ್ಕೆ ಹೋಗಿ, ಅಲ್ಲಿಂದ ಸಾಗರದ ಬಸ್ಸು ಹತ್ತಿ, ಕೈಮರದಲ್ಲಿ ಇಳಿದು ಕೇಳುತ್ತ ಹೋದೆ. ಆಕೆ ಮಗನ ಜೊತೆ ಬೇರು ಕೀಳುತ್ತಿದ್ದಳು. ನನ್ನನ್ನು ಕಂಡವಳೇ ಕತ್ತಿ ಕೆಳಗೆ ಹಾಕಿದಳು. ನಾನು ಮೊದಲು ಊರಿನ ಹೆಸರು ಹೇಳಿದೆ, ತೋಟದ ದಾರಿ ಹೇಳಿದೆ, ಯಾವ ತಿರುವಿನಲ್ಲಿ ಇಳಿಯಬೇಕು ಎಂದು ಹೇಳಿದೆ. ಆಮೇಲೆ ಮಗಳು ಚೆನ್ನಾಗಿದ್ದಾಳೆ ಎಂದೆ. ಊದಿದ ಕಾಲಿನ ವಿಷಯವನ್ನೂ ಹೇಳಿದೆ. ಬಸುರಿಯರಿಗೆ ಅದೆಲ್ಲ ಇದ್ದದ್ದೇ ಎಂದಳು.

ಈಗಲೇ ಹೊರಡು ಎಂದೆ. ಬರಿಗೈಯಲ್ಲಿ ಹೋಗುವುದು ಹೇಗೆ? ಸೀರೆ ಬೇಕು, ಬಳೆ ಬೇಕು, ಉಂಡೆ, ಚಕ್ಕುಲಿ, ಕಡುಬು ಆಗಬೇಕು. ಮಾಡಿನಲ್ಲಿ ನಾರು ಕಟ್ಟಿ ತೂಗುಹಾಕಿದ್ದ ಒಂದೇ ಒಂದು ಬಣ್ಣದ ಸೌತೆಕಾಯಿಯನ್ನು ತೋರಿಸಿದಳು. ಮಗಳಿಗೆ ಸೌತೆಕಾಯಿ ಕಡುಬೆಂದರೆ ಪ್ರಾಣ, ಅದಕ್ಕೆಂದೇ ಉಳಿಸಿದ್ದಳು. ಬುಟ್ಟಿಗೆ ಹೊಸದಾಗಿ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯಬೇಕು, ಅದು ಒಣಗಬೇಕು. ನನಗೆ ತಲೆ ಬಿಸಿಯಾಯಿತು. "ನಿನ್ನ ಬುಟ್ಟಿ ಒಣಗೋದಕ್ಕೆ ಹೆರಿಗೆ ಕಾಯಲ್ಲ" ಎಂದೆ. ಅವಳು ನಕ್ಕಳು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಲ್ಲು ಬಹಳ ಚೆನ್ನಾಗಿತ್ತು.

ಎಲ್ಲ ಆಗಿ ಆಕೆ ತೀರ್ಥಹಳ್ಳಿಗೆ ಬಂದು ಇಳಿಯುವಷ್ಟರಲ್ಲಿ ಅಮಾವಾಸ್ಯೆ ಕಳೆದಿತ್ತು. ನಾನು ಬಸ್ ನಿಲ್ದಾಣಕ್ಕೇ ಹೋಗಿ ಕರೆದುಕೊಂಡು ಹೋದೆ. ಮಗಳನ್ನು ಕಂಡವಳೇ ತಾಯಿ ಜಗಲಿಯ ಮೇಲೆ ಬುಟ್ಟಿ ಬಿಚ್ಚಿದಳು. ಮಗಳು ಅಲ್ಲೇ ಕುಳಿತು ಕಡುಬು ತಿಂದಳು, ಒಂದಾದ ಮೇಲೊಂದು, ಬೆಲ್ಲದ ಚೂರು ಕಚ್ಚಿಕೊಂಡು. ತಾಯಿ ಅವಳ ಕೈಗೆ ಹಸಿರು ಬಳೆ ಇಟ್ಟಳು. ಊದಿದ ಕೈಗೆ ಬಳೆ ಹೋಗದೆ ಎರಡು ಒಡೆದವು. ತಾಯಿ ಮಾತ್ರ ಆ ಮನೆಯಲ್ಲಿ ಏನೂ ಮುಟ್ಟಲಿಲ್ಲ. ಮಗಳಿಗೆ ಮಗುವಾಗುವವರೆಗೆ ಅವಳ ಮನೆಯ ಅನ್ನ ನೀರು ತೆಗೆದುಕೊಳ್ಳಬಾರದು ಎಂದು ಅವರ ಪದ್ಧತಿ. ಅದು ಮುಗಿದ ಮೇಲೆ ತಾಯಿ ಸೆರಗು ಕೊಡವಿ, "ಹಂಗಾರೆ ಕರ್ಕಂಡು ಹೊರಡ್ತೀನಿ" ಎಂದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳ ದನಿಯಲ್ಲಿ ಮುನಿಸು ಇರಲಿಲ್ಲ. "ಎಂಟಕ್ಕೆ ಬಿತ್ತಲ್ಲ ಅಕ್ಕಾ. ಮೊನ್ನೆ ಅಮಾಸೆಗೆ ಏಳು ಮುಗೀತು. ಎಂಟರಲ್ಲಿ ಬಸುರಿ ಮನೆ ದಾಟಬಾರದು. ದಾಟ್ಸಿ ಏನಾರ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ಒಂಬತ್ತು ಬೀಳ್ಲಿ, ನಾನೇ ಕಳ್ಸಿ ಕೊಡ್ತೀನಿ."

ನಾನು ಬಾಯಿ ಹಾಕಿದೆ. ಇವೆಲ್ಲ ಕಂದಾಚಾರ ಎಂದೆ, ಮುಖ ಊದಿದೆ, ಪೇಟೆಯ ಆಸ್ಪತ್ರೆಗಾದರೂ ತೋರಿಸಬೇಕು ಎಂದೆ. ತಾಯಿ ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಆಕೆ ಬುಟ್ಟಿಯ ಬಟ್ಟೆ ಮಡಚುತ್ತ, "ಹೌದು ಅಮ್ಮ, ಎಂಟರಲ್ಲಿ ಬ್ಯಾಡ" ಎಂದಳು. ಹುಡುಗಿಯೂ ತಲೆಯಾಡಿಸಿದಳು. ಗಟ್ಟಿಯಾಗಿ ಜಗಳವಾಡಿದ ನನಗೂ ಒಳಗೊಳಗೆ ಅಳುಕು. ನಮ್ಮಮ್ಮನೂ ಎಂಟರಲ್ಲಿ ನಮ್ಮತ್ತಿಗೆಯನ್ನು ಕಳಿಸಿರಲಿಲ್ಲ. ಅಲ್ಲಿದ್ದ ನಾಲ್ಕು ಹೆಂಗಸರಲ್ಲಿ ಹೊರಡು ಎಂದು ಮನಸ್ಸಿನಿಂದ ಹೇಳಬಲ್ಲವರು ಯಾರೂ ಇರಲಿಲ್ಲ.

ತಾಯಿ ಖಾಲಿ ಬುಟ್ಟಿಯನ್ನು ಅಲ್ಲೇ ಬಿಟ್ಟಳು. "ಒಂಬತ್ತಕ್ಕೆ ಬಂದಾಗ ತಗಂಡು ಹೋಗ್ತೀನಿ" ಎಂದಳು. ಉಣ್ಣುವ ಹಾಗಿಲ್ಲದ ಮನೆಯಲ್ಲಿ ಉಳಿಯುವುದು ಹೇಗೆ? ನನ್ನ ಕೋಣೆಗೆ ಬಂದು ಒಂದಿಷ್ಟು ಮಜ್ಜಿಗೆ ಅನ್ನ ಉಂಡು ಸಂಜೆಯ ಬಸ್ಸಿಗೆ ಹೊರಟಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಲ್ಲಿದಾಳೆ ಅಂತ ಗೊತ್ತಾಯ್ತಲ್ಲ, ಇನ್ನೇನು" ಎಂದಳು.

ಒಂಬತ್ತು ಬೀಳಲಿಲ್ಲ. ತರಬೇತಿ ಮುಗಿಯುವ ವಾರ ಹೊಳೆಯ ಬಂಡೆಯ ಹತ್ತಿರ ಅದೇ ತೋಟದ ಹೆಂಗಸು ಸಿಕ್ಕಿದಳು. ನಾನು ಮಾತಾಡಿಸುವ ಮೊದಲೇ ತಲೆ ತಗ್ಗಿಸಿದಳು. ಹುಡುಗಿಗೆ ಫಿಟ್ಸ್ ಬಂತಂತೆ. ಗಾಡಿ ಕಟ್ಟುವಷ್ಟರಲ್ಲಿ ಇನ್ನೊಂದು ಬಂತಂತೆ. ಮಗು ಹೊಟ್ಟೆಯಲ್ಲೇ ಹೋಯಿತು, ಅವಳೂ ಹೋದಳು. ತೋಟದಾಚೆ ಹೊಳೆಯ ಬದಿಯ ಒಂದು ತುಂಡು ನೆಲದಲ್ಲಿ, ಹೊಟ್ಟೆಯ ಮಗುವಿನ ಸಮೇತ, ಮಣ್ಣು ಮಾಡಿದರು. ಅತ್ತೆ ಎರಡು ದಿನದಿಂದ ಅಟ್ಟದ ಮೂಲೆಯಲ್ಲಿ ಬಿದ್ದುಕೊಂಡಿದ್ದಾಳೆ, ಅನ್ನ ಮುಟ್ಟುತ್ತಿಲ್ಲ ಎಂದಳು. ತಾಯಿಗೆ ತಿಳಿಸಿದರಾ ಎಂದು ಕೇಳಿದೆ. ಮೈದುನನನ್ನು ಕಳಿಸಿದ್ದಾರೆ ಎಂದಳು. ಈ ಸಲ ಎಲ್ಲಿಗೆ ಹೋಗಬೇಕು ಎನ್ನುವುದು ಅವನಿಗೂ ಗೊತ್ತಿತ್ತು.

ಅಂದು ಸಂಜೆ ನನ್ನ ಕಾಲು ತಾನೇ ಅಣ್ಣನ ಬೀದಿಗೆ ಹೋಯಿತು. ಬಾಗಿಲು ತಟ್ಟಿದೆ. ಅತ್ತಿಗೆ ತೆರೆದು, ಒಂದು ಗಳಿಗೆ ನೋಡಿ, "ಎಂತ, ಏನಾರೂ ಕೆಲಸ ಇತ್ತಾ?" ಎಂದಳು. ಇಲ್ಲ, ಹೀಗೇ ಬಂದೆ ಎಂದೆ. ಕಾಫಿ ಕೊಟ್ಟರು. ಅಣ್ಣ ಊರಲ್ಲಿರಲಿಲ್ಲ. ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಅಡಿಕೆ ಮೂಟೆ ಒಟ್ಟಿದ್ದರು. ಕಾಫಿ ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ಅಳುತ್ತಲೇ ನಡೆದೆ. ಯಾರಿಗಾಗಿ ಅಳುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಸುಮಾರು ತಿಂಗಳು ನಾನು ಬಸ್ಸಿನಲ್ಲಿ ಯಾರ ಊರನ್ನೂ ಕೇಳಲಿಲ್ಲ. ಕಿಟಕಿಯ ಪಕ್ಕ ಕುಳಿತು ಮಕ್ಕಳ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದೆ. ಕಂಡಕ್ಟರೇ, "ಟೀಚ್ರಿಗೆ ಹುಷಾರಿಲ್ವಾ?" ಎಂದು ಕೇಳಿದ. ಕೈಮರ ಬಂದಾಗ ಮಾತ್ರ ತಲೆ ಎತ್ತಿ ನೋಡುತ್ತಿದ್ದೆ. ಆಕೆ ಕಾಣಲಿಲ್ಲ. ಇಳಿದು ಹೋಗಿ ಮಾತಾಡಿಸುವ ಧೈರ್ಯ ನನಗಿರಲಿಲ್ಲ.

ಮರುವರ್ಷದ ಭೂಮಿ ಹುಣ್ಣಿಮೆಯ ದಿನ ನಾನು ಸಾಗರದಿಂದ ಹೊಸನಗರಕ್ಕೆ ಮೊದಲ ಬಸ್ಸಿನಲ್ಲಿ ಬರುತ್ತಿದ್ದೆ. ಹಬ್ಬದ ರಜೆಯಿದ್ದರೂ ಕೋಣೆ ಖಾಲಿ ಮಾಡುವ ಕೆಲಸವಿತ್ತು, ನನಗೆ ಸಾಗರಕ್ಕೆ ವರ್ಗವಾಗಿತ್ತು.

ಕೈಮರದಲ್ಲಿ ಆಕೆ ಹತ್ತಿದಳು, ಕೈಯಲ್ಲಿ ಹೊಸದೊಂದು, ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಕಳೆದ ವರ್ಷ ರಸ್ತೆಯ ಆಚೆ ಬದಿ ನಿಂತು ಸಾಗರದ ಬಸ್ಸಿಗೆ ಕಾದವಳು ಈಗ ಎದುರು ದಿಕ್ಕಿನ ಬಸ್ಸು ಹತ್ತಿದ್ದಳು. ನನ್ನ ಮುಂದಿನ ಸೀಟಿನಲ್ಲಿ ಕುಳಿತಳು, ನನ್ನನ್ನು ನೋಡಿರಲಿಲ್ಲ. ಬಹಳ ಇಳಿದುಹೋಗಿದ್ದಳು. ಅವಳ ಪಕ್ಕದಲ್ಲಿದ್ದ ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ, ಎಲ್ಲರೂ ಕೇಳುವಂತೆಯೇ, ನಾನು ಕೇಳುತ್ತಿದ್ದಂತೆಯೇ ಕೇಳಿದಳು.

"ಯಾವೂರಾಯ್ತು?"

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಆಕೆ ಈ ಸಲ ತಡವರಿಸಲಿಲ್ಲ.

"ತೀರ್ಥಳ್ಳಿ" ಎಂದಳು.

ಒಂದು ರಾತ್ರಿಯೂ ಮಲಗದ ಊರು ಅದು. ಅಲ್ಲಿ ಅವಳು ಉಂಡಿದ್ದು ನನ್ನ ಕೋಣೆಯ ಮಜ್ಜಿಗೆ ಅನ್ನ ಮಾತ್ರ.

"ತೀರ್ಥಳ್ಳೀಲಿ ಯಾರಿದಾರೆ?" ಎಂದಳು ಮುದುಕಿ.

"ಮಗ್ಳು. ಬಸುರಿ."

ಮುದುಕಿ ಸಂತೋಷಪಟ್ಟು ಎಲೆಯಡಿಕೆ ಕೊಟ್ಟಳು, ಒಳ್ಳೇದಾಗ್ಲಿ ಎಂದಳು. ಆಕೆ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಬುಟ್ಟಿಯ ಬಟ್ಟೆ ಸರಿಪಡಿಸುವಾಗ ಹಿಂತಿರುಗಿದವಳು ನನ್ನನ್ನು ಕಂಡಳು. ಗುರುತು ಸಿಕ್ಕಿತು. ಅಳುತ್ತಾಳೇನೋ ಎಂದು ಹೆದರಿದೆ. ಆಕೆ ನನ್ನ ಮುಖದಿಂದ ಕಣ್ಣು ತೆಗೆದು ನನ್ನ ಕೈ ಗಡಿಯಾರ ನೋಡಿದಳು. ಹೊರಗೆ ಬಿಸಿಲು ಬಂದಾಗಿತ್ತು. ತೀರ್ಥಹಳ್ಳಿ ಇನ್ನೂ ಬಹಳ ದೂರವಿತ್ತು.

"ಹೊತ್ತು ಮೀರ್ತಾ ಅಮ್ಮ?" ಎಂದಳು.